ಏಕಾದಶಿ ಮಾಡಿದ ನಾಯಿಮರಿ

ಮೊಲ ಸಾಕಿದ ಮನೆಗೆ ಬೇಟೆನಾಯಿಯ ಮರಿ ತರುವ ಬುದ್ಧಿ ಯಾರಿಗಾದರೂ ಬಂದೀತೇ? ನನ್ನ ಗಂಡನಿಗೆ ಬಂತು. ಮಾನ್ವಿಯ ಶಾಲೆಯಲ್ಲಿ ಹುಡುಗರಿಗೆ ಉರ್ದುವಿನಲ್ಲಿ ಲೆಕ್ಕ ಕಲಿಸುತ್ತಿದ್ದ ಮನುಷ್ಯ, ಊರಲ್ಲೆಲ್ಲ ಜಾಣರೆಂದು ಹೆಸರು. ಆ ಜಾಣತನ ಮನೆಯ ಹೊಸ್ತಿಲ ಹೊರಗೇ ಉಳಿದುಬಿಡುತ್ತಿತ್ತು ಅನ್ನುವುದು ನನಗೊಬ್ಬಳಿಗೇ ಗೊತ್ತು.

ಮೂಲ ತಕರಾರು ಮಂಗಗಳದು. ನಮ್ಮ ಮಾಳಿಗೆಯ ಮೇಲೆ ಸಂಡಿಗೆ ಹಾಕಿ ಕೆಳಗಿಳಿಯುವಷ್ಟರಲ್ಲಿ ಅವು ಹಾಜರಾಗುತ್ತಿದ್ದವು. ಕಲ್ಲು ಎತ್ತುವ ಹಾಗಿಲ್ಲ, ಕೋಲು ತೋರಿಸುವ ಹಾಗಿಲ್ಲ. ನಮ್ಮದು ವೈಷ್ಣವರ ಮನೆ, ನಮ್ಮ ಅತ್ತೆಯವರಿಗೆ ಪ್ರತಿಯೊಂದು ಮಂಗವೂ ಸಾಕ್ಷಾತ್ ಪ್ರಾಣದೇವರ ಪರಿವಾರ. "ಅವು ತಿಂದ್ರ ದೇವರು ತಿಂದಂಗ" ಎಂದು ಅವರು ಕೈಮುಗಿದು ಒಳಗೆ ಹೋಗುತ್ತಿದ್ದರು. ಹಿಟ್ಟು ಕುದಿಸಿ, ಬಿಸಿಲಲ್ಲಿ ಕೂತು ಸೊಂಟ ಮುರಿದುಕೊಂಡು ಸಂಡಿಗೆ ಹಾಕಿದವಳು ನಾನು. ಪುಣ್ಯ ಮಾತ್ರ ಅವರಿಗೆ. ನನ್ನ ಗೊಣಗಾಟ ಕೇಳಿ ಕೇಳಿ ಗಂಡ ಒಂದು ಉಪಾಯ ಹುಡುಕಿದರು. ನಾಯಿ ಸಾಕಿದರೆ ಮಂಗಗಳು ಓಡುತ್ತವೆ, ಪ್ರಾಣದೇವರ ಪರಿವಾರವನ್ನು ಓಡಿಸಿದ ಪಾಪ ನಾಯಿಗೆ ಹೋಗುತ್ತದೆ. ಪರೀಕ್ಷೆಯ ಕೆಲಸಕ್ಕೆ ದೇವದುರ್ಗಕ್ಕೆ ಹೋದವರು ಅಲ್ಲಿನ ಗೆಳೆಯನೊಬ್ಬನ ಮನೆಯಿಂದ ಮರಿಯೊಂದನ್ನು ಚೀಲದಲ್ಲಿ ಹಾಕಿಕೊಂಡು ಬಂದರು.

ಮೊಲ ನನ್ನ ನಾದಿನಿಯದು. ಅವಳ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಅವಳಿಗೆ ನನ್ನದೇ ವಯಸ್ಸು. ಮದುವೆಯೆಂದರೇನು ಅಂತ ತಿಳಿಯುವ ಮೊದಲೇ ಮದುವೆಯಾಗಿ, ತಿಳಿಯುವ ಹೊತ್ತಿಗೆ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆಯುಟ್ಟು ತವರಿಗೆ ಬಂದವಳು. ನಸುಕಿನಲ್ಲಿ ತಣ್ಣೀರು ಹುಯ್ದುಕೊಂಡು ಒದ್ದೆ ಮಡಿಯಲ್ಲಿ ದೇವರ ಅಡುಗೆಗೆ ನಿಂತರೆ ಎಲ್ಲರ ಊಟವಾಗುವ ತನಕ ಮಡಿಯಲ್ಲಿಲ್ಲದ ಯಾರೂ ಅವಳನ್ನು ಮುಟ್ಟುವಂತಿಲ್ಲ. ನನ್ನ ಮಕ್ಕಳು "ಅತ್ಯಾ" ಎಂದು ಹತ್ತಿರ ಓಡಿದರೆ ಹಿಂದೆ ಹಿಂದೆ ಸರಿಯುತ್ತಿದ್ದಳು. ಏನು ಕೊಟ್ಟರೂ ಸರಿ, ಕೊಡದಿದ್ದರೂ ಸರಿ. ಅವಳು ಬಾಯಿ ಬಿಟ್ಟು ಏನನ್ನಾದರೂ ಕೇಳಿದ್ದನ್ನು ನಾನು ಕಂಡದ್ದು ಒಂದೇ ಸಲ. ರಾಯಚೂರಿನ ನನ್ನ ತವರಿಗೆ ನನ್ನ ಜೊತೆ ಬಂದಿದ್ದಾಗ, ಪಕ್ಕದ ಮನೆಯ ಸಾಹೇಬರು ಹೈದರಾಬಾದಿಗೆ ವರ್ಗವಾಗಿ ಹೊರಟಿದ್ದರು. ಅವರ ಅಂಗಳದಲ್ಲಿ ಒಂದು ಬಿಳಿ ಮೊಲ. "ವೈನಿ, ಅದನ್ನ ಕೇಳಿದ್ರ ಕೊಡ್ತಾರೇನು?" ಅಂದಳು. ಕೊಡಿಸದೆ ಹೇಗೆ ಬಿಟ್ಟೇನು? ಯುದ್ಧದ ಕಾಲ, ಪೆಟ್ರೋಲಿಲ್ಲದೆ ಇದ್ದಲಿಯ ಮೇಲೆ ಕೆಮ್ಮುತ್ತಾ ಓಡುವ ಬಸ್ಸು. ಅದರಲ್ಲಿ ಬುಟ್ಟಿ ಮುಚ್ಚಿಕೊಂಡು ಮಾನ್ವಿಯ ತನಕ ತಂದೆವು.

ಅತ್ತೆಯವರು ಮೊಲವನ್ನು ಒಪ್ಪಿಕೊಂಡದ್ದು ಅದು ಸೊಪ್ಪು ಬಿಟ್ಟು ಬೇರೇನೂ ತಿನ್ನುವುದಿಲ್ಲ ಅನ್ನುವ ಕಾರಣಕ್ಕೆ. ನನ್ನ ಮಟ್ಟಿಗೆ ಅದು ಸೊಕ್ಕಿನ ಪ್ರಾಣಿ. ಕಸಬರಿಗೆ ಕಡಿಯುತ್ತಿತ್ತು, ನನ್ನ ಕಾಲಿನ ಹೆಬ್ಬೆರಳನ್ನೂ ಬಿಟ್ಟಿರಲಿಲ್ಲ. ಆದರೆ ಮಧ್ಯಾಹ್ನ ಮಡಿ ಬಿಟ್ಟ ಮೇಲೆ ನಾದಿನಿ ಹಿತ್ತಲ ಬಾಗಿಲಲ್ಲಿ ಕೂತರೆ ಸಾಕು, ಅದು ಎಲ್ಲಿದ್ದರೂ ಬಂದು ಅವಳ ಮಡಿಲಲ್ಲಿ ಮಲಗುತ್ತಿತ್ತು. ಅವಳು ಅದರ ಕಿವಿ ಸವರುತ್ತಾ ಸಂಜೆಯ ತನಕ ಕೂತಿರುತ್ತಿದ್ದಳು.

ಹಾಗೆ ಕೂತಿದ್ದಾಗಲೇ ನನ್ನ ಗಂಡ ಚೀಲ ಬಿಚ್ಚಿದರು. ಒಳಗಿಂದ ಉದ್ದ ಕಾಲಿನ, ಚೂಪು ಮೂತಿಯ, ಹೊಟ್ಟೆ ಬೆನ್ನಿಗೆ ಹತ್ತಿದ ಒಂದು ಮರಿ ಹೊರಗೆ ಬಿತ್ತು.

"ಇದರ ತಾಯಿ ಸಾಮಾನ್ಯದ್ದಲ್ಲ," ಎಂದು ಹೆಮ್ಮೆಯಿಂದ ಹೇಳಿದರು. "ಎರಿ ಹೊಲದಾಗ ಓಡೋ ಮೊಲಾನ ಒಂದ ಜಿಗಿತಕ್ಕ ಹಿಡೀತದ!"

ನಾದಿನಿ ಮೊಲವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎದ್ದು ಒಳಗೆ ಹೋದಳು. ನಾನು ಹಣೆ ಬಡಿದುಕೊಂಡೆ.

"ಖರೇ ಹೇಳ್ರಿ, ನಮ್ಮ ಮನ್ಯಾಗ ಏನದ ಅಂತ ನೆನಪಿತ್ತೋ ಇಲ್ಲೋ?"

"ಮರಿ ಅದು, ಅದಕೇನ ತಿಳೀತದ? ಸಣ್ಣದಿದ್ದಾಗಲೇ ಕೂಡಿಸಿಬಿಟ್ರ ಅಣ್ಣ ತಂಗಿ ಹಂಗ ಬೆಳೀತಾವ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಮಾತು ಯಾರನ್ನು ನೋಡಿ ಹುಟ್ಟಿತೋ ಕಾಣೆ, ನಮ್ಮ ಮನೆಯಲ್ಲಂತೂ ಅದಕ್ಕೆ ಜೀವಂತ ಸಾಕ್ಷಿಯಿತ್ತು. ಮರುದಿನದಿಂದ ಅಣ್ಣ ತಂಗಿಯನ್ನು ಕೂಡಿಸುವ ಕೆಲಸ ಶುರುವಾಯಿತು. ಮೊದಲು ಮೊಲದ ಮೇಲೆ ಬುಟ್ಟಿ ಬೋರಲು ಹಾಕಿ ಮರಿಯನ್ನು ಸುತ್ತ ಬಿಟ್ಟರು. ಮರಿ ಬುಟ್ಟಿಯ ಸಂದಿಯಲ್ಲಿ ಮೂಗು ತೂರಿಸಿತು, ಮೊಲ ಆ ಮೂಗಿಗೇ ಬಾಯಿ ಹಾಕಿತು. ಮರಿಯ ಕೂಗಾಟಕ್ಕೆ ಓಣಿಯ ಜನ ಬಾಗಿಲಿಗೆ ಬಂದರು. ಆಮೇಲೆ, ಮೊಲದ ವಾಸನೆ ರೂಢಿಯಾಗಲಿ ಎಂದು ಒಂದು ಬಟ್ಟೆಯಿಂದ ಮೊಲವನ್ನು ಚೆನ್ನಾಗಿ ಒರೆಸಿ ಅದನ್ನು ಮರಿ ಮಲಗುವ ಜಾಗಕ್ಕೆ ಹಾಸಿದರು. ಇದು ದೇವದುರ್ಗದ ಗೆಳೆಯ ಹೇಳಿಕೊಟ್ಟ ಉಪಾಯವಂತೆ. ಉಪಾಯ ಒಳ್ಳೆಯದೇ ಇರಬಹುದು. ಆದರೆ ಬಟ್ಟೆ ಯಾವುದು? ಎತ್ತರದ ಗಳುವಿನ ಮೇಲೆ, ಯಾರ ಕೈಗೂ ತಾಗದಂತೆ ಒಣಹಾಕಿದ್ದ ನಮ್ಮ ಮಾವನವರ ಪೂಜೆಯ ಮಡಿಪಂಚೆ!

ಆ ದಿನ ನಮ್ಮ ಮನೆಯಲ್ಲಿ ಆದ ರಾಮಾಯಣ ಹೇಳತೀರದು. ಮಾವನವರು ಮಾತಾಡುವುದನ್ನೇ ಬಿಟ್ಟರು. ಅತ್ತೆಯವರು ಮಾತ್ರ ಇಬ್ಬರ ಪಾಲಿನದನ್ನೂ ಮಾತಾಡಿದರು. ಕೊನೆಗೆ ತೀರ್ಪು ಬಂತು:

"ಇನ್ನೊಮ್ಮೆ ಹಿಂಗಾತಂದ್ರ ನಾಯಿ ದೇವದುರ್ಗಕ್ಕ, ಮೊಲ ಬಾಗಲವಾಡಕ್ಕ. ಮನ್ಯಾಗ ಒಂದರ ಬಾಯಾಗ ಒಂದು ಸತ್ರ ಆ ಪಾಪ ಯಾರು ಹೊರಾವ್ರು?"

ಬಾಗಲವಾಡದಲ್ಲಿ ನಮ್ಮ ಹೊಲವಿತ್ತು. ಹೊಲದ ಗುಡಿಸಲಿನಲ್ಲಿ ಕಾವಲಿಗೆ ದೊಡ್ಡ ದೊಡ್ಡ ನಾಯಿಗಳಿದ್ದವು. ಅಲ್ಲಿಗೆ ಹೋದ ಮೊಲ ಮರುದಿನದ ಬೆಳಗು ಕಾಣುವುದಿಲ್ಲ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನಾದಿನಿ ಕಂಬ ಹಿಡಿದು ನಿಂತಿದ್ದಳು. ಅವಳು ಒಂದು ಮಾತಾಡಬಾರದೇ ಎಂದು ನಾನು ಅವಳ ಮುಖವನ್ನೇ ನೋಡಿದೆ.

ಇಷ್ಟಾದ ಮೇಲಾದರೂ ಸುಮ್ಮನಿರಬೇಕಲ್ಲ? ಈ ಸಲ ಅತ್ತೆಯವರೇ ಮುಂದಾದರು. ಎರಡನ್ನೂ ಕೂಡಿಸುವುದೇ ಆದರೆ ಏಕಾದಶಿಯ ದಿನ ಕೂಡಿಸಬೇಕು ಅಂದರು. ಏಕಾದಶಿ ಉಪವಾಸದ ದಿನ, ಆ ದಿನ ಹುಲಿಗೂ ಹಿಂಸೆಯ ಬುದ್ಧಿ ಹುಟ್ಟುವುದಿಲ್ಲ ಎಂಬುದು ಅವರ ನಂಬಿಕೆ. ಜೊತೆಗೆ ಇನ್ನೊಂದು ಕಟ್ಟಳೆ ಹಾಕಿದರು: ನಮ್ಮ ಮನೆಯ ಅನ್ನ ತಿನ್ನುವ ಪ್ರಾಣಿ ನಮ್ಮ ಮನೆಯ ಏಕಾದಶಿಯನ್ನೂ ಮಾಡಬೇಕು. ಮರಿಗೂ ನಿರಾಹಾರ!

ನನಗೆ ತಲೆ ಚಿಟ್ಟು ಹಿಡಿಯಿತು. ಗಂಡನನ್ನು ಹಿತ್ತಲಿಗೆ ಕರೆದು ಹೇಳಿದೆ, "ಉಪವಾಸ ಕೆಡವಿದ ನಾಯಿ ಮುಂದ ಮೊಲ ತಂದು ಇಡತೀರೇನು? ಹೊರಗ ಒಯ್ದು ಒಂದ ತುಣುಕು ರೊಟ್ಟಿ ಹಾಕ್ರಿ."

"ಅವ್ವ ನೋಡಿದ್ರ?" ಅಂದರು ಅವರು. ಮಕ್ಕಳ ಕೈಗೆ ಛಡಿಯಿಂದ ಬಾರಿಸುವ ಮೇಷ್ಟ್ರು!

ಏಕಾದಶಿ ಬಂತು. ಅಡುಗೆಯಿಲ್ಲದ ದಿನ, ನಾದಿನಿಗೂ ಮಧ್ಯಾಹ್ನ ಬಿಡುವು. ಗಂಡ ಮರಿಯ ಕೊರಳಿನ ಹಗ್ಗ ಹಿಡಿದು ಕೂತರು, ಎದುರಿಗೆ ನಾದಿನಿ ಮೊಲವನ್ನು ಎದೆಗೆ ಅವಚಿಕೊಂಡು ಕೂತಳು. ಅತ್ತೆಯವರು ದೂರದಿಂದಲೇ ಮರಿಯ ಬಾಯಿಗೆ ತೀರ್ಥದ ಹನಿ ಹಾಕಿದರು. ಬಿಟ್ಟರೆ ಏನಾಗುತ್ತದೋ ಎಂದು ನಾನು ನಾದಿನಿಯ ಪಕ್ಕದಲ್ಲೇ ನಿಂತಿದ್ದೆ. ಬೆಳಗಿನಿಂದ ಏನೂ ತಿನ್ನದೆ ಸೊರಗಿದ್ದ ಮರಿ ತೆವಳಿಕೊಂಡು ಮುಂದೆ ಬಂದು ಮೊಲದ ಕಿವಿಯನ್ನು ನೆಕ್ಕಿತು. ಮೊಲ ಕಣ್ಣು ಮುಚ್ಚಿಕೊಂಡಿತು.

"ನೋಡಿದ್ರೇನು ಏಕಾದಶಿ ಮಹಿಮಿ?" ಎಂದು ಅತ್ತೆಯವರು ಕೈಮುಗಿದರು. ಗಂಡ ನನ್ನ ಕಡೆ ಮೀಸೆ ತಿರುವಿ ನೋಡಿದರು. ರುಚಿ ನೋಡುವ ನಾಲಗೆಗೂ ಮುದ್ದು ಮಾಡುವ ನಾಲಗೆಗೂ ವ್ಯತ್ಯಾಸ ತಿಳಿಯದ ಜನ. ಅವತ್ತೇ ಮರಿಯ ಕೊರಳಿನ ಹಗ್ಗ ಬಿಚ್ಚಿಬಿಟ್ಟರು.

ಮರುದಿನ ದ್ವಾದಶಿ. ಉಪವಾಸ ಮಾಡಿದವರು ದ್ವಾದಶಿ ಮುಗಿಯುವುದರೊಳಗೆ ಊಟ ಮಾಡಬೇಕು, ಅದೇ ಪಾರಣೆ. ಆ ಸಲ ದ್ವಾದಶಿ ಬೆಳಗಿನಲ್ಲಿ ಸ್ವಲ್ಪ ಹೊತ್ತು ಮಾತ್ರ ಇತ್ತು. ಬಿಸಿಲು ಅಂಗಳಕ್ಕಿಳಿಯುವಷ್ಟರಲ್ಲಿ ಎಲೆ ಹಾಕಿ ಆಗಿತ್ತು, ಮಾವನವರ ಪೂಜೆಯೂ ಮುಗಿದಿತ್ತು. ಮಾವ, ಅತ್ತೆ, ಗಂಡ, ಎಲ್ಲರೂ ಮಡಿಯುಟ್ಟು ನೈವೇದ್ಯಕ್ಕಾಗಿ ಕಾಯುತ್ತಿದ್ದರು. ನಾನು ಪಡಸಾಲೆಯಲ್ಲಿ ಕೂಸಿಗೆ ಹಾಲು ಕೊಡುತ್ತಿದ್ದೆ. ದ್ವಾದಶಿಗೆಂದು ಬಿಡಿಸಿದ ಅಗಸೆ ಸೊಪ್ಪಿನ ದಂಟುಗಳನ್ನು ನಾದಿನಿ ಅಂಗಳಕ್ಕೆ ಎಸೆದಿದ್ದಳು, ಮೊಲ ಕೂತು ಅದನ್ನು ಮೆಲ್ಲುತ್ತಿತ್ತು. ಅವಳು ಅನ್ನ, ತೊವ್ವೆ, ಪಲ್ಯ ಇಟ್ಟ ಹಿತ್ತಾಳೆಯ ಹರಿವಾಣ ಹಿಡಿದು ಅಡುಗೆಮನೆಯಿಂದ ದೇವರಮನೆಗೆ ಅಂಗಳ ದಾಟುತ್ತಿದ್ದಳು.

ಹೊರಗಿನ ಕಟ್ಟೆಯಿಂದ ಮರಿ ಒಳಗೆ ಬಂದದ್ದು ಯಾರಿಗೂ ಕಾಣಲಿಲ್ಲ. ಕಂಡದ್ದು ಅದರ ಜಿಗಿತ. ತಾಯಿಯ ಮಗು ಹೌದು ಅಂತ ಆ ಒಂದು ಜಿಗಿತದಲ್ಲೇ ತೋರಿಸಿಬಿಟ್ಟಿತು. ಮೊಲ ಸತ್ತೆನೋ ಕೆಟ್ಟೆನೋ ಎಂದು ಕಿರುಚಿತು. ಮೊಲಕ್ಕೆ ದನಿಯಿದೆ ಅಂತ ನನಗೆ ಗೊತ್ತಾದದ್ದೇ ಆಗ.

ನಮ್ಮ ಮನೆಯ ಜನ ಏನು ಮಾಡಿದರು ಗೊತ್ತೇ? ಮಾವನವರು ಎರಡೂ ಕೈ ಮೇಲೆತ್ತಿ "ಹಿಡೀರಿ, ಹಿಡೀರಿ" ಅಂದರು. ಗಂಡ ಪಂಚೆಯ ತುದಿಯನ್ನು ಮೊಣಕಾಲಿನ ತನಕ ಎತ್ತಿಕೊಂಡು ಹಿಂದಕ್ಕೆ ಸರಿದು "ಏ ಹಿಡೀರಲಾ" ಅಂದರು. ಅತ್ತೆಯವರು "ಮಡಿ, ಮಡಿ" ಎಂದು ಬಾಗಿಲಿಗೆ ಆತುಕೊಂಡರು. ನಾಯಿಯನ್ನು ಮುಟ್ಟಿದರೆ ಮಡಿ ಹೋಗುತ್ತದೆ, ಮಡಿ ಹೋದರೆ ಪಾರಣೆ ಹೋಗುತ್ತದೆ. ಮೂರು ಜನ ದೊಡ್ಡವರು ಒಂದು ಮರಿಯನ್ನು ದೂರದಿಂದ ನೋಡುತ್ತಾ ನಿಂತಿದ್ದರು! ನಾನು ಕೂಸನ್ನು ಕೆಳಗಿಟ್ಟು ಏಳುವಷ್ಟರಲ್ಲಿ ಹರಿವಾಣ ಠಣ್ಣೆಂದು ಬಿತ್ತು.

ನಾದಿನಿ ಅದನ್ನು ಕೈಬಿಟ್ಟಿದ್ದಳು. ಒದ್ದೆ ಸೀರೆಯಲ್ಲೇ ಮರಿಯ ಮೇಲೆ ಬಿದ್ದು, ಒಂದು ಕೈಯಲ್ಲಿ ಅದರ ಕುತ್ತಿಗೆ ಹಿಡಿದು, ಇನ್ನೊಂದು ಕೈಯಿಂದ ಬಾಯಿ ಬಿಡಿಸಿ ಮೊಲವನ್ನು ಎಳೆದುಕೊಂಡಳು. ಮೊಲಕ್ಕೆ ಏನೂ ಆಗಿರಲಿಲ್ಲ, ಬೆನ್ನಿನ ಒಂದಿಷ್ಟು ತುಪ್ಪಳ ಹೋಗಿತ್ತು ಅಷ್ಟೆ. ಆದರೆ ಗಾಬರಿಯಲ್ಲಿ ಅದು ಅವಳ ಕೈಯನ್ನೇ ಪರಚಿಹಾಕಿತ್ತು. ಬಿಡಿಸಿಕೊಂಡ ಮರಿ ಮೊಲದ ಕಡೆ ತಿರುಗಿಯೂ ನೋಡದೆ ಅಂಗಳದಲ್ಲಿ ಚೆಲ್ಲಿದ ಅನ್ನದ ಮೇಲೆ ಬಿತ್ತು. ಪಾಪ, ಅದಕ್ಕೆ ಬೇಕಾದದ್ದು ಅನ್ನ. ಅದನ್ನು ನೋಡಿ ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದವು.

ಮತ್ತೆ ಅಡುಗೆ ಮಾಡಲು ಹೊತ್ತಿರಲಿಲ್ಲ. ಮಾವನವರು ಬಿಸಿಲು ನೋಡಿ, ಚೆಲ್ಲಿದ ನೈವೇದ್ಯ ನೋಡಿ, ತೀರ್ಥವನ್ನಷ್ಟೇ ಕುಡಿದು ಪಾರಣೆ ಮುಗಿಸಿದರು. ಅತ್ತೆಯವರ ಮುಖ ಕೆಂಪಾಗಿತ್ತು.

"ಇವತ್ತೇ ಕಳಸ್ರಿ. ಎರಡನ್ನೂ. ನಾಯಿ ಅತ್ತ, ಮೊಲ ಬಾಗಲವಾಡಕ್ಕ."

ನಾದಿನಿ ಅಂಗಳದ ನಡುವೆ ಕೂತಿದ್ದಳು, ಮೊಲ ಮಡಿಲಲ್ಲಿ. ತಲೆ ಎತ್ತಲಿಲ್ಲ.

"ಗೊತ್ತಿದ್ದೇ ಮುಟ್ಟೀನವ್ವಾ," ಅಂದಳು. "ಇದನ್ನ ಕಳಸೂದಾದ್ರ ಇದರ ಜೋಡಿ ನನ್ನೂ ಕಳಸ್ರಿ. ನನಗ ಇದೊಂದೇ ಅದ."

ನನ್ನ ಗಂಡ ಗೋಡೆ ನೋಡುತ್ತಾ ನಿಂತರು. ಅತ್ತೆಯವರು ಬೈಯಲು ಎರಡು ಹೆಜ್ಜೆ ಮುಂದೆ ಬಂದವರು ಅಲ್ಲೇ ನಿಂತರು.

"ರಕ್ತ ಬರಾಕತ್ತದಲ್ಲೇ ಯವ್ವಾ" ಅಂದರು.

ಆಮೇಲೆ ಅವರು ಮಾಡಿದ್ದನ್ನು ಇವತ್ತಿಗೂ ನಾನು ಮರೆತಿಲ್ಲ. ಮಡಿಸೀರೆಯಲ್ಲೇ ಮಗಳ ಪಕ್ಕ ನೆಲಕ್ಕೆ ಕೂತು, ನಾಯಿ ಮುಟ್ಟಿದ ಆ ಕೈಯನ್ನು ಎಳೆದುಕೊಂಡು ತಮ್ಮ ಸೆರಗಿನಿಂದ ಒರೆಸಿದರು. ಬೇರೆ ದಿನ ಇಬ್ಬರೂ ಮಡಿಯಲ್ಲಿದ್ದಾಗ ಒಬ್ಬರನ್ನೊಬ್ಬರು ಮುಟ್ಟಬಹುದಿತ್ತು, ಅದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಆದರೂ ಆ ತಾಯಿ ಮಗಳ ಕೈ ಹಿಡಿದದ್ದನ್ನು ನಾನು ಆ ಮನೆಗೆ ಬಂದಾಗಿನಿಂದ ಒಮ್ಮೆಯೂ ನೋಡಿರಲಿಲ್ಲ. ಒರೆಸುತ್ತಾ ಒರೆಸುತ್ತಾ ಅವರು ತಡೆದರು. ಇನ್ನೊಂದು ಕೈಯನ್ನೂ ಹಿಡಿದು ನೋಡಿದರು.

"ಇದೇನ, ಇಷ್ಟು ತಣ್ಣಗಾಗ್ಯಾವ ನಿನ್ನ ಕೈ?"

"ಯಾವಾಗ್ಲೂ ಹಿಂಗೇ ಇರ್ತಾವವ್ವಾ," ಅಂದಳು ನಾದಿನಿ.

ಅತ್ತೆಯವರು ಆ ಎರಡು ಕೈಗಳನ್ನು ತಮ್ಮ ಕೈಗಳ ನಡುವೆ ಇಟ್ಟುಕೊಂಡು ಬಹಳ ಹೊತ್ತು ತಿಕ್ಕುತ್ತಾ ಕೂತರು. ಬಾಗಲವಾಡದ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.