ಗಾಳಿ ಒಳಗೆ ಹೋಗುವ ಸದ್ದು

ಆ ಕೆಂಪು ಕಾರನ್ನು ನಾನು ಕೆಡಿಸಿದ್ದು ಒಳ್ಳೆಯ ಮನಸ್ಸಿನಿಂದಲೇ. ಹಾಗೆಂದು ಹೇಳಿಕೊಂಡರೆ ಎದೆಯೇನೂ ಹಗುರವಾಗುವುದಿಲ್ಲ, ಆದರೂ ಹೇಳಿಕೊಳ್ಳುತ್ತೇನೆ.

ಎರಡೇ ಸೀಟಿನ, ಮೇಲಿನ ಹೊದಿಕೆ ಮಡಚಿಡುವಂಥ ಹಳೆಯ ವಿದೇಶಿ ಸ್ಪೋರ್ಟ್ಸ್ ಕಾರು ಅದು. ಮಣಿಪಾಲದ ಡಾಕ್ಟರೊಬ್ಬರದ್ದು. ಕಾಪುವಿನಲ್ಲಿ ನನ್ನ ಮನೆಗೆ ತಾಗಿಕೊಂಡೇ ಇರುವ ರಿಪೇರಿ ಶೆಡ್ಡಿಗೆ ವರ್ಷಾನುಗಟ್ಟಲೆ ಬಂದು ಹೋಗುತ್ತಿತ್ತು. ಬೇರೆ ಯಾರಿಗೂ ಅದರ ಬಾನೆಟ್ ಎತ್ತಲು ಡಾಕ್ಟರು ಬಿಡುತ್ತಿರಲಿಲ್ಲ. ಕಾರಣ ನನ್ನ ಕಿವಿ. ಒಂದು ಮೊಳ ರಬ್ಬರ್ ಟ್ಯೂಬಿನ ಒಂದು ತುದಿಯನ್ನು ಕಿವಿಯಲ್ಲಿಟ್ಟು, ಇನ್ನೊಂದು ತುದಿಯನ್ನು ಇಂಜಿನ್ನಿನ ಪೈಪುಗಳ ಮೇಲೆ ಆಡಿಸಿ, ಎಲ್ಲಿ ಕಳ್ಳಗಾಳಿ ಒಳಗೆ ನುಗ್ಗುತ್ತಿದೆ ಎಂದು ನಿಮಿಷದಲ್ಲಿ ಹೇಳಿಬಿಡುತ್ತಿದ್ದೆ. "ನನ್ನ ಸ್ಟೆತಸ್ಕೋಪಿಗಿಂತ ನಿಮ್ಮದೇ ವಾಸಿ" ಎಂದು ಡಾಕ್ಟರು ನಗುತ್ತಿದ್ದರು. ನನಗೆ ಜಂಬ ಇತ್ತು, ಇಲ್ಲ ಎನ್ನುವುದಿಲ್ಲ.

ಅವರ ಹೆಂಡತಿ ಕಾರ್ಕಳದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಶನಿವಾರ ಮಧ್ಯಾಹ್ನ ಡಾಕ್ಟರು ಕರೆದುಕೊಂಡು ಬರಲು ಹೋದರೆ ಗೇಟಿನ ಎದುರು ಕಾರು ನಿಲ್ಲಿಸುತ್ತಿದ್ದರೇ ಹೊರತು ಇಂಜಿನ್ ಬಂದ್ ಮಾಡುತ್ತಿರಲಿಲ್ಲ. ಬಿಸಿಯಾದ ಮೇಲೆ ಬಂದ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗಲು ಅದು ಸತಾಯಿಸುತ್ತಿತ್ತು. ನಿಂತಲ್ಲೇ ಓಡುವ ಆ ಇಂಜಿನ್ನಿನ ಸದ್ದು ಕಿಟಕಿಯಿಂದ ಕೇಳಿಸಿದ ಕೂಡಲೇ ಮೇಡಂ ಪುಸ್ತಕ ಮುಚ್ಚಿ, ಚೀಲವನ್ನು ಮಡಿಲಿಗೆಳೆದುಕೊಂಡು, ಬೆಲ್ ಹೊಡೆಯುವುದನ್ನೇ ಕಾಯುತ್ತಾ ಕೂರುತ್ತಿದ್ದರಂತೆ. ಇದನ್ನು ಅವರು ನನಗೆ ಹೇಳಿದ್ದು ಡಾಕ್ಟರು ತೀರಿಕೊಂಡು ಎರಡು ವರ್ಷವಾದ ಮೇಲೆ, ಕಾರನ್ನು ತಾವೇ ಓಡಿಸಿಕೊಂಡು ಶೆಡ್ಡಿಗೆ ಬಂದ ದಿನ.

"ನಿಂತಲ್ಲಿ ನಡುಗುತ್ತದೆ, ಒಮ್ಮೊಮ್ಮೆ ಆಫ್ ಆಗುತ್ತದೆ" ಎಂದರು. "ನನಗೆ ಸ್ಪೀಡ್ ಎಂತದೂ ಬೇಡ. ಗೇಟಿನ ಎದುರು ನಿಂತಾಗ ಒಂದು ಶಬ್ದ ಬರುತ್ತಿತ್ತಲ್ಲ, ಅದು ಬಂದರೆ ಸಾಕು. ನಿಮ್ಮಿಂದ ಆಗ್ತದೆ ಅಲ್ವಾ?"

"ಆಗದೆ ಎಂತ ಮೇಡಂ? ಬಿಟ್ಟು ಹೋಗಿ" ಎಂದೆ.

ಅಷ್ಟರಲ್ಲಾಗಲೇ ನನ್ನ ಕಿವಿ ಮುಕ್ಕಾಲು ಹೋಗಿತ್ತು. ಪ್ರಾಯದಲ್ಲಿ ಹನ್ನೆರಡು ವರ್ಷ ಮಲ್ಪೆಯ ಬೋಟುಗಳಲ್ಲಿ, ಡೀಸೆಲ್ ಇಂಜಿನ್ನಿನ ಪಕ್ಕದಲ್ಲೇ ಉಂಡು ಮಲಗಿದವನು ನಾನು. ಮೊದಲು ಹೋದದ್ದು ಸಣ್ಣ ಸದ್ದುಗಳು. ಸೊಳ್ಳೆ ಹೋಯಿತು, ಕುದಿಯುವ ಗಂಜಿಯ ಸದ್ದು ಹೋಯಿತು. ಹೆಂಡತಿ ಜೋರಾಗಿ ಮಾತಾಡತೊಡಗಿದಾಗ, ವಯಸ್ಸಾದಂತೆ ಇವಳಿಗೆ ಸಿಟ್ಟು ಜಾಸ್ತಿಯಾಯಿತು ಎಂದುಕೊಂಡೆ. ವಿಷಯ ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ, ಎದುರಿನವರ ತುಟಿ ನೋಡಿಕೊಂಡು ಮಾತು ಹಿಡಿಯುತ್ತಿದ್ದೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿಯವನು ನಾನು.

ಮೇಡಂ ಹೋದ ಮೇಲೆ ಟ್ಯೂಬನ್ನು ಕಿವಿಗಿಟ್ಟೆ. ದಡದಡ ಎನ್ನುವುದು ಬಿಟ್ಟರೆ ಏನೂ ಇಲ್ಲ. ಎಡಗಿವಿಗಿಟ್ಟೆ, ಬಲಗಿವಿಗಿಟ್ಟೆ, ಟ್ಯೂಬಿನಲ್ಲಿ ಕಸ ಸಿಕ್ಕಿರಬಹುದೆಂದು ಊದಿ ನೋಡಿದೆ. ಕಸ ಇರಲಿಲ್ಲ. ಟ್ಯೂಬು ಹಿಡಿದುಕೊಂಡೇ ತುಂಬಾ ಹೊತ್ತು ಬಾನೆಟ್ಟಿನ ಮುಂದೆ ಕುಳಿತಿದ್ದೆ.

ಕಿವಿ ಕೇಳದವನಿಗೆ ಇರುವ ದಾರಿ ಒಂದೇ, ಎಲ್ಲ ಪೈಪುಗಳನ್ನೂ ಬದಲಾಯಿಸುವುದು. ಈ ಕಾರಿಗೆ ಬೇಕಾದ, ಒಳಗೆ ಬಟ್ಟೆಯ ಪದರವಿರುವ ದಪ್ಪ ಪೈಪು ಇಲ್ಲಿ ಸಿಗುವುದಿಲ್ಲ, ತರಿಸಲು ವಾರಗಟ್ಟಲೆ ಬೇಕು. ಅಷ್ಟು ದಿನ ಕಾದರೆ ಮೇಡಂ ಏನೆಂದುಕೊಳ್ಳುತ್ತಾರೋ ಎಂಬ ಹೆದರಿಕೆ. ಮಲ್ಪೆಗೆ ಹೋಗಿ ಬೋಟಿಗೆ ಹಾಕುವ ಡೀಸೆಲ್ ಪೈಪು ತಂದೆ. ಕಡಲ ನಡುವೆ ನನ್ನ ಕೈಬಿಡದ ಪೈಪು ಅದು. ಇಂಜಿನ್ನಿನ ಎಳೆತದಿಂದ ಬ್ರೇಕನ್ನು ಹಗುರ ಮಾಡುವ ಪೈಪೂ ಸೇರಿದಂತೆ ಎಲ್ಲವನ್ನೂ ಹೊಸತು ಮಾಡಿ ಕ್ಲಿಪ್ಪು ಬಿಗಿದೆ. ನಡುಕ ನಿಂತಿತು. ಬೋಟಿನ ಅಭ್ಯಾಸದಂತೆ ಒಂದೊಂದು ಜಾಯಿಂಟಿಗೂ ಬೆರಳು ಸವರಿ ನೋಡಿದೆ. ಎಲ್ಲೂ ಪಸೆ ಇರಲಿಲ್ಲ. ಮರುದಿನ ಕಾರು ಕೊಟ್ಟೆ.

ಪಸೆ ಎಲ್ಲಿಂದ ಬರಬೇಕು! ಬೋಟಿನ ಪೈಪು ಬಿಟ್ಟುಕೊಂಡರೆ ಎಣ್ಣೆ ಹೊರಗೆ ಬರುತ್ತದೆ, ಬೆರಳಿಗೆ ಹತ್ತುತ್ತದೆ. ಈ ಪೈಪುಗಳಲ್ಲಿ ಹೊರಗೆ ಬರುವುದು ಏನೂ ಇಲ್ಲ, ಗಾಳಿ ಒಳಗೆ ಹೋಗುತ್ತದೆ ಅಷ್ಟೆ. ಅದು ಕಣ್ಣಿಗೆ ಕಾಣದು, ಕೈಗೆ ಹತ್ತದು, ಕಿವಿಗೆ ಮಾತ್ರ ಗೊತ್ತು. ಇಷ್ಟು ವರ್ಷ ಇದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದವನೇ ಬೆರಳು ಸವರಿ ಕೈತೊಳೆದುಕೊಂಡೆ.

ಶನಿವಾರ ಮೇಡಂ ಒಬ್ಬರೇ ಕಾರ್ಕಳಕ್ಕೆ ಹೋದರು. ಆ ಗೇಟಿನ ಎದುರು ಒಮ್ಮೆ ನಿಲ್ಲಿಸಬೇಕೆಂದು ಅವರಿಗೆ ಆಸೆ. ಸಂಜೆಯ ಮೊದಲೇ ಸೀದಾ ನನ್ನ ಶೆಡ್ಡಿಗೆ ಬಂದರು. ಕಾರು ಮೊದಲಿಗಿಂತ ಜಾಸ್ತಿ ನಡುಗುತ್ತಿತ್ತು. ಇಂಜಿನ್ ಬಂದ್ ಮಾಡದೆಯೇ ಅವರು ಇಳಿದರು.

"ಇಳಿಜಾರಿನಲ್ಲಿ ಬ್ರೇಕ್ ಕಲ್ಲಿನ ಹಾಗೆ ಆಯ್ತು. ಎರಡೂ ಕಾಲಿನಿಂದ ಒತ್ತಿದೆ. ಎದುರಿಗೆ ಒಂದು ಆಟೋ, ಅದರ ತುಂಬ ಶಾಲೆಯ ಮಕ್ಕಳು. ಮುಟ್ಟುವುದಕ್ಕೆ ಒಂದು ಗೇಣು ಇರುವಾಗ ನಿಂತಿತು. ಮತ್ತೆ ಇಲ್ಲಿಯವರೆಗೆ ಸೆಕೆಂಡ್ ಗೇರಿನಲ್ಲೇ ಬಂದೆ."

ಇಂಜಿನ್ ಓಡುತ್ತಿರುವಾಗಲೇ ಬಾನೆಟ್ ಎತ್ತಿ ಟ್ಯೂಬನ್ನು ಕಿವಿಗಿಟ್ಟು, ಕೇಳುತ್ತಿರುವವನ ಹಾಗೆ ಹುಬ್ಬು ಗಂಟಿಕ್ಕಿದೆ. "ಪೈಪು ಎಲ್ಲ ಹೊಸತು ಮೇಡಂ. ಅದರಲ್ಲಿ ಎಂತ ಇಲ್ಲ" ಎಂದೆ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಕೂಗಿದಳು. "ಎಂತ ಇಲ್ವಾ? ಹಾವು ಬುಸುಗುಟ್ಟಿದ ಹಾಗೆ ಕೇಳ್ತದಲ್ಲ ಮಾರಾಯ್ರೆ! ಮೊನ್ನೆ ಗಾಡಿ ಕೊಡುವಾಗಲೂ ಸಣ್ಣಗೆ ಕೇಳ್ತಾ ಇತ್ತು. ನಿಮಗೆ ಗೊತ್ತುಂಟು ಅಂತ ನಾನು ಸುಮ್ಮನಿದ್ದೆ."

ಸುಮ್ಮನಿದ್ದಳಂತೆ. ಮಾತು ಕೇಳಿಸದಿದ್ದರೂ ಟ್ಯೂಬಿಟ್ಟರೆ ನನ್ನ ಕಿವಿ ತಪ್ಪುವುದಿಲ್ಲ ಎಂದು ಅವಳಿಗೂ ಅಷ್ಟು ನಂಬಿಕೆ. ನಾನು ಟ್ಯೂಬನ್ನು ಅವಳ ಕೈಗೆ ಕೊಟ್ಟೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದು ಬಗ್ಗಿದಳು, ಬ್ರೇಕಿನ ಪೈಪಿನ ಜಾಯಿಂಟಿಗೆ ಬೆರಳು ತೋರಿಸಿದಳು. ಇಂಜಿನ್ನಿನ ಬಿಸಿಗೆ ನನ್ನ ಬೋಟಿನ ಪೈಪು ಬೇಯಿಸಿದ ಗೆಣಸಿನಷ್ಟು ಮೆತ್ತಗಾಗಿ ಕ್ಲಿಪ್ಪಿನಿಂದ ಜಾರಿತ್ತು. ಆಟೋದಲ್ಲಿದ್ದ ಆ ಮಕ್ಕಳು ಯಾರ ಮನೆಯವರೋ ನನಗೆ ಗೊತ್ತಿಲ್ಲ. ಅವರ ಬೆನ್ನ ಮೇಲಿನ ಚೀಲಗಳು ಈಗಲೂ ಕಣ್ಣಿಗೆ ಕಟ್ಟುತ್ತವೆ, ನಾನು ನೋಡದಿದ್ದರೂ.

ಮೇಡಂ ನನ್ನ ಮುಖವನ್ನೇ ನೋಡುತ್ತಿದ್ದರು.

"ಶೀತ ಆಗಿ ಕಿವಿ ಕಟ್ಟಿದೆ, ನಾಲ್ಕು ದಿನದಿಂದ" ಎಂದುಬಿಟ್ಟೆ. ಅವರು ನಂಬಿದರು. ಡಾಕ್ಟರು ನಂಬಿದ್ದ ಮನುಷ್ಯನನ್ನು ಅವರು ಹೇಗೆ ನಂಬದಿರುತ್ತಾರೆ? ಹೆಂಡತಿ ಟ್ಯೂಬನ್ನು ಸುತ್ತಿ ಮೊಳೆಗೆ ನೇತುಹಾಕಿ ಒಳಗೆ ಹೋದಳು.

ಸರಿಯಾದ ಪೈಪು ಬರಲು ಮೂರು ವಾರ ಹಿಡಿಯಿತು. ಹಾಕಿದ್ದು ನಾನು, ಕೇಳಿದ್ದು ಅವಳು. ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸುತ್ತಾ ಅವಳ ಮುಖ ನೋಡುತ್ತಿದ್ದೆ, ಅವಳು ತಲೆಯಾಡಿಸಿದಲ್ಲಿ ನಿಲ್ಲಿಸಿದೆ. ಊರಿನ ಗಂಡಸರು ಯಾರಾದರೂ ಕಂಡರೆ ಎಂಬ ಭಯಕ್ಕೆ ಶೆಡ್ಡಿನ ಬಾಗಿಲು ಹಾಕಿಕೊಂಡಿದ್ದೆ. ಕಾರನ್ನು ಕಟಪಾಡಿಯವರೆಗೆ ಓಡಿಸಿ, ಬಿಸಿ ಮಾಡಿ, ಬ್ರೇಕನ್ನು ಹತ್ತು ಸಲ ಒತ್ತಿ ನೋಡಿದೆ. ಇನ್ನು ಯಾರ ಗಾಡಿಯನ್ನೂ ಮುಟ್ಟುವುದಿಲ್ಲ ಎಂದು ಆ ರಸ್ತೆಯಲ್ಲೇ ತೀರ್ಮಾನಿಸಿದೆ.

ಮೇಡಂ ಬಂದು ಸ್ಟೇರಿಂಗಿನ ಮುಂದೆ ಕುಳಿತರು. ಪಕ್ಕದ ಸೀಟಿನಲ್ಲಿ ಅವರ ಕಾಲೇಜಿನ ಹಳೆಯ ಚೀಲ. ನಾನು ಸ್ಟಾರ್ಟ್ ಮಾಡಲು ಹೇಳಿದೆ. ಅವರು ಸ್ವಲ್ಪ ಹೊತ್ತು ತಲೆ ತಗ್ಗಿಸಿ ಕೇಳಿಸಿಕೊಂಡರು. ಆಮೇಲೆ ನನ್ನನ್ನು ಹತ್ತಿರ ಕರೆದರು.

"ಸತ್ಯ ಹೇಳಬೇಕೆಂದರೆ ನನಗೆ ಈಗ ಸರಿಯಾಗಿ ನೆನಪಿಗೆ ಬರುವುದಿಲ್ಲ. ಕೇಳಿದರೆ ಗೊತ್ತಾಗ್ತದೆ ಅಂತ ಇದ್ದೆ, ಗೊತ್ತಾಗುವುದಿಲ್ಲ. ನೀವು ಹೇಳಿ. ಅದೇ ಶಬ್ದ ಅಲ್ವಾ? ನಿಮಗೊಬ್ಬರಿಗೇ ಗೊತ್ತಿರುವುದು."

ನಾನು ಮಡ್‌ಗಾರ್ಡಿನ ಮೇಲೆ ಅಂಗೈ ಇಟ್ಟೆ. ಅಂಗೈಗೆ ಸಣ್ಣ ಅದುರು ಸಿಕ್ಕಿತು, ಅಷ್ಟೆ. ಹೆಂಡತಿಯ ಕಡೆ ನೋಡಿದೆ. ಗಾಳಿ ಎಳೆಯುತ್ತಿಲ್ಲ ಎಂದು ಅವಳು ಹೇಳಬಲ್ಲಳು. ಆಗಿನ ಆ ಶಬ್ದವನ್ನು ಅವಳು ಯಾವತ್ತೂ ಕಿವಿಗೊಟ್ಟು ಕೇಳಿದವಳಲ್ಲ.

"ಅದೇ ಮೇಡಂ. ಒಂಚೂರೂ ಬದಲಾಗಲಿಲ್ಲ" ಎಂದೆ.

ಅವರು ಕಣ್ಣು ಮುಚ್ಚಿಕೊಂಡರು. ಕೈಯಲ್ಲೇ ತಡಕಿ ಪಕ್ಕದ ಚೀಲವನ್ನು ಮಡಿಲಿಗೆಳೆದುಕೊಂಡು, ಬೆಲ್ಲಿಗೆ ಕಾಯುವವರ ಹಾಗೆ ಕುಳಿತರು.