ಅಜ್ಜನ ಹಣೆಯ ಗಾಜು

ಚನ್ನಗಿರಿಯಲ್ಲಿ ಫೋಟೊಗಳಿಗೆ ಫ್ರೇಮ್ ಹಾಕಿಕೊಡುವ ಸಾಹೇಬರೊಬ್ಬರಿದ್ದರು. ಯಾವ ಗಾಜು ಕೈಗೆ ಬಂದರೂ ಮೊದಲು ಅದರ ಮೇಲೆ ‘ಹಾ’ ಎಂದು ಉಸಿರು ಬಿಟ್ಟು ಅಂಗಿಯ ತೋಳಿನಿಂದ ಒರೆಸುವರು. ಆಮೇಲೆ ಅದೇ ಮಾತು: “ಗಾಜು ಕಾಣಬಾರದು ರೀ, ಒಳಗಿರೋರು ಕಾಣಬೇಕು.”

ತೀರಿಕೊಂಡ ನಮ್ಮಜ್ಜನ ಫೋಟೊ ನಾನು ಒಯ್ದಾಗ ಹೊಸ ಥರದ ಗಾಜೊಂದನ್ನು ತೆಗೆದರು. ಉಸಿರು ಬಿಟ್ಟರೂ ಮಬ್ಬು ಕೂರಲೇ ಇಲ್ಲ. ಸಾಹೇಬರ ಮುಖ ಅರಳಿತು. “ಇದರ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳು ಅದಾವೆ. ಬೆಳಕು ವಾಪಸ್ ಹೊಡಿಯಲ್ಲ. ನೀರು ಹನಿಯಾಗಿ ನಿಲ್ಲಲ್ಲ, ಹಾಳೆ ಹಂಗೆ ಹರಡ್ತೈತೆ. ನ್ಯಾನೋ ಅಂತಾರೆ.”

ಮನೆಯಲ್ಲಿ ಕಿಟಕಿಯ ಎದುರೇ ತೂಗುಹಾಕಿದರೂ ಅಜ್ಜ ನಿಚ್ಚಳವಾಗಿ ಕಂಡರು. ಸೋಮವಾರ ಅಮ್ಮ ಸ್ನಾನ ಮಾಡಿ ಬಂದು, ವಿಭೂತಿ ನೆನೆಸಿ, ಅವರ ಹಣೆಗೆ ಮೂರು ಬೆರಳಲ್ಲಿ ಗೆರೆ ಎಳೆದಳು. ಗೆರೆಗಳೆಲ್ಲ ಕೂಡಿಕೊಂಡು ಮೀಸೆಯವರೆಗೂ ಬಿಳಿ ಹರಡಿತು.

ಅಮ್ಮ ಫೋಟೊವನ್ನು ಕಂಕುಳಲ್ಲಿಟ್ಟುಕೊಂಡು ನೇರ ಅಂಗಡಿಗೇ ಹೋದಳು. “ಏನ್ರೀ ಸಾಹೇಬ್ರೆ, ನಮ್ಮ ಮಾವಾರಿಗೆ ಸುಣ್ಣ ಬಳಿದಂಗೆ ಆಗೈತೆ! ಹಣೆಗೆ ವಿಭೂತಿ ಇಲ್ಲದೆ ಹೆಂಗೆ ಪೂಜೆ ಮಾಡ್ಲಿ?”

ಸಾಹೇಬರು ನೋಡಿ ತಡೆಯಲಾಗದೆ ನಕ್ಕರು. ಸಿಟ್ಟಿನಲ್ಲಿದ್ದ ಅಮ್ಮನೂ ನಕ್ಕಳು. ಅವರು ಮಾಮೂಲಿ ಗಾಜಿನಲ್ಲಿ ಹಣೆಯಗಲದ ತುಂಡು ಕತ್ತರಿಸಿ, ಅಂಚು ಉಜ್ಜಿ, ಅಜ್ಜನ ಹಣೆಯ ಮೇಲೆ ಅಂಟಿಸಿದರು. “ಈಗ ಹಚ್ರಿ ಅಕ್ಕಾರೆ, ನಿಲ್ತೈತೆ.”

ನಿಂತಿತು. ಬಾಗಿಲು ತೆರೆದು ಬಿಸಿಲು ಬಿದ್ದಾಗ ಇಡೀ ಫೋಟೊದಲ್ಲಿ ಅಜ್ಜನ ಹಣೆಯೊಂದೇ ಫಳಫಳ ಹೊಳೆಯುತ್ತದೆ. ಮನೆಗೆ ಬಂದ ಹೊಸಬರು ಅದು ಅಜ್ಜನ ಮಹಿಮೆಯೆಂದೇ ತಿಳಿದು ಚಪ್ಪಲಿ ಬಿಡುವ ಮೊದಲೇ ಕೈ ಮುಗಿಯುತ್ತಾರೆ. ಅಮ್ಮ ಸಾಹೇಬರ ಗಾಜಿನ ತುಂಡಿನ ಸುದ್ದಿ ಎತ್ತುವುದಿಲ್ಲ.