ಕಾಕಾನ ಕರಿ ಉಗುರು

ಅವರ ಬಲಗೈ ಹೆಬ್ಬೆರಳಿನ ಉಗುರು ಕಪ್ಪಗೆ, ದಪ್ಪಗೆ, ನಡುವೆ ಸೀಳಿಕೊಂಡು ಹಳೆಯ ಬೇವಿನ ತೊಗಟೆಯ ಹಾಗಿತ್ತು. ಅರಣ್ಯ ಇಲಾಖೆಯಲ್ಲಿ ವಾಚರ್ ಆಗಿದ್ದು ನಿವೃತ್ತರಾದವರು, ಸುರಪುರ ಕಡೆಯ ಬೋನಾಳದವರು. ಎಲ್ಲರ ಬಾಯಲ್ಲೂ ಕಾಕಾ.

ಯಾದಗಿರಿಯ ಹೊರಗೆ, ಊರ ಕಸ ಸುರಿಯುತ್ತಿದ್ದ ಜಾಗದಲ್ಲಿ ಅಡವಿ ಬೆಳೆಸಲು ಹೊರಟಾಗ ಇಲಾಖೆಯ ಸಾಹೇಬರು ಅವರನ್ನು ಕರೆಸಿದರು. ತಗ್ಗು ತೋಡುವ ಆಳುಗಳ ಮೇಸ್ತ್ರಿ ನಾನು. ಐದನೆಯ ತರಗತಿಗೇ ಶಾಲೆ ಬಿಟ್ಟವನು ನಿಜ, ಆದರೆ ಹಗ್ಗ ಹಿಡಿದು ನಾನು ತೋಡಿಸಿದ ಸಾಲು ಕೂದಲೆಳೆಯಷ್ಟೂ ಓರೆಯಾಗುವುದಿಲ್ಲ. ಅದನ್ನು ಯಾರೂ ನೋಡಲಿಲ್ಲ. ಸಾಹೇಬರು ಜೀಪಿನ ಮೇಲೆ ನಕ್ಷೆ ಹರಡಿ ಕಾಕಾನನ್ನೇ ಕೇಳುತ್ತಿದ್ದರು. ಕಾಕಾ ನಕ್ಷೆ ಬಿಟ್ಟು ನೆಲ ನೋಡುತ್ತಿದ್ದರು.

"ಮಳಿ ನೀರು ಹಿಂಗ ಹರೀತದ್ರಿ, ದಂಡಿಗೆ ಹೊಂಗಿ ಹಚ್ರಿ. ಕರೆಂಟಿನ ತಂತಿ ಕೆಳಗ ಬಸರಿ ಬ್ಯಾಡ್ರಿ, ನಾಳಿ ನೀವ ಬಂದು ಕಡೀತೀರಿ."

ಸಾಹೇಬರು ನಗುತ್ತ ಬರೆದುಕೊಳ್ಳುತ್ತಿದ್ದರು. ನನ್ನ ಹೊಟ್ಟೆಯಲ್ಲಿ ಬೆಂಕಿ.

ಜಾಗ ಇಬ್ಬರಿಗೂ ಅರ್ಧರ್ಧ ಹಂಚಿದರು. ಮಳೆಗಾಲಕ್ಕೆ ಮೊದಲು ಯಾರ ಸಸಿ ಹೆಚ್ಚು ಉಳಿದಿವೆಯೆಂದು ನೋಡಿ, ಒಬ್ಬರನ್ನು ಉಸ್ತುವಾರಿಗೆ ಇಟ್ಟುಕೊಳ್ಳುವುದೆಂದು ಮಾತು. ನನಗೆ ಆ ಕೆಲಸ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಅದು ಅವರಿಗೆ ಸಿಗಬಾರದಿತ್ತು.

ನಾನು ದಿನವೂ ಕೊಡ ತುಂಬಿ ಸಸಿಯ ಬುಡಕ್ಕೇ ಸುರಿಸಿದೆ. ಅವರು ಎರಡು ದಿನಕ್ಕೊಮ್ಮೆ, ಅದೂ ಬುಡದಿಂದ ಗೇಣು ದೂರ.

"ತುತ್ತು ಬಾಯಿಗೇ ಇಟ್ರ ಬೇರು ದುಡಿಯೋದು ಯಾವಾಗ ಕಲೀತದೋ?"

ಒಮ್ಮೆ ನನ್ನ ಸಾಲಿನ ಬಳಿ ನಿಂತು ಹೇಳಿದರು: "ತಗ್ಗು ಮಾತ್ರ ಭಾಳ ಚೆಂದ ತೆಗೀತಿ ತಮ್ಮಾ. ನಾ ಸತ್ರ ನಿನ್ನ ಕೈಲೇ ತೆಗಸ್ತೀನಿ."

ಕೂಲಿ ಹೆಣ್ಣುಮಕ್ಕಳು ಬಿದ್ದು ಬಿದ್ದು ನಕ್ಕರು. ನಾನು ಹಗ್ಗ ಎತ್ತಿಕೊಂಡು ಮುಂದಿನ ಸಾಲಿಗೆ ನಡೆದೆ.

ಮೇ ತಿಂಗಳಲ್ಲಿ ನೀರಿನ ಟ್ಯಾಂಕರ್ ಬರುವುದು ನಿಂತಿತು. ಅವರ ಸಸಿಗಳು ಬಾಡಿದರೂ ಎಲೆ ಉದುರಿಸಲಿಲ್ಲ. ನನ್ನವು ಪೂರ್ತಿ ಬೋಳಾಗಿ ಕಡ್ಡಿಗಳಾದವು. ಸಾಹೇಬರು ಬರುವ ಹಿಂದಿನ ದಿನ ಅವನ್ನೆಲ್ಲ ಕೀಳಿಸತೊಡಗಿದೆ. ನರ್ಸರಿಯಿಂದ ಹಸಿರು ಸಸಿ ತಂದು ನಿಲ್ಲಿಸಿಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಅಷ್ಟರಲ್ಲಿ ಕಾಕಾ ಬಂದರು.

"ಏನ್ ಮಾಡಾಕತ್ತೀಯೋ?"

"ಸತ್ತಾವ್ರಿ ಕಾಕಾ. ಹೊಸಾವು ಹಚ್ತೀನಿ."

ಅವರು ಕುಕ್ಕರುಗಾಲಲ್ಲಿ ಕೂತು, ಕಿತ್ತ ಕಡ್ಡಿಯೊಂದನ್ನು ಎತ್ತಿ ಆ ಕರಿ ಉಗುರಿನಿಂದ ಕೆರೆದರು. ಒಳಗೆ ಹಸಿರು. ಇನ್ನೊಂದನ್ನು ಕೆರೆದರು. ಅದರಲ್ಲೂ ಹಸಿರು. ಮತ್ತೊಂದನ್ನು ಕೆರೆದು ನನ್ನ ಮುಖದ ಮುಂದೆ ಹಿಡಿದರು.

"ಸತ್ತಿಲ್ಲೋ. ಹಲ್ಲು ಕಚಗೊಂಡು ಕುಂತಿದ್ವು. ಮಳಿ ಬರೂತನಾ ಕುಂದರ್ತಿದ್ವು. ನಿನಗ ತಡೀಲಿಲ್ಲ."

ಬೈದಿದ್ದರೆ ನಾನೂ ತಿರುಗಿ ಬೈಯಬಹುದಿತ್ತು. ಅವರು ತಲೆಯ ರುಮಾಲು ಬಿಚ್ಚಿ, ಕುಡಿಯುವ ನೀರಿನಲ್ಲಿ ತೋಯಿಸಿ ಬೇರುಗಳಿಗೆ ಸುತ್ತಿದರು. "ಚೀಲ ಹಸಿ ಮಾಡ್ಕೊಂಡು ಬರ್ರೆವ್ವಾ" ಎಂದು ಹೆಣ್ಣುಮಕ್ಕಳನ್ನು ಕೂಗಿದರು. ಸಂಜೆ ಮತ್ತೆ ನೆಟ್ಟೆವು. ಕೊನೆಗೆ ಬದುಕಿ ಉಳಿದದ್ದು ಕೆಲವೇ ಕೆಲವು.

ಮರುದಿನ ಸಾಹೇಬರು ಕೇಳಿದಾಗ ಕಾಕಾ ಏನನ್ನೂ ಮುಚ್ಚಿಡಲಿಲ್ಲ. "ಜೀವ ಇದ್ದಾಗ ಕಿತ್ತಾನ್ರಿ. ಹುರುಪು ಭಾಳ, ತಾಳ್ಮಿ ಇಲ್ಲ. ನನ್ನ ಕೈಕೆಳಗ ಇರ್ಲಿ, ಕಲೀತಾನ."

ಉಸ್ತುವಾರಿ ಅವರಿಗೇ ಸಿಕ್ಕಿತು; ಆ ಕೊನೆಯ ಮಾತು ನನ್ನನ್ನು ಸುಟ್ಟಿತು. ಆದರೂ ಬಿಟ್ಟು ಹೋಗಲಿಲ್ಲ. ಅವರಿಗೆ ತಿಳಿದದ್ದೆಲ್ಲ ಕಸಿದುಕೊಳ್ಳಬೇಕೆಂಬ ಹಟಕ್ಕೇ ಉಳಿದೆ. ಅವರು ಕಸಿದುಕೊಳ್ಳಲು ಬಿಡದೆ, ಕೇಳುವ ಮೊದಲೇ ಎಲ್ಲ ಹೇಳಿಕೊಟ್ಟರು.

ಹೋದ ಚಳಿಗಾಲ ಬೋನಾಳದಿಂದ ಅವರ ಮಗನ ಫೋನು ಬಂತು. "ಅಪ್ಪ ಹೋದ್ನರಿ. ತಗ್ಗು ನೀವೇ ತೆಗೀಬೇಕಂತ ಹೇಳ್ಯಾನ."

ಆಳುಗಳನ್ನು ಮುಟ್ಟಗೊಡಲಿಲ್ಲ. ಹಗ್ಗ ಹಿಡಿದು, ಮೂಲೆ ಕೆತ್ತಿ ಒಬ್ಬನೇ ತೋಡಿದೆ. ಅಷ್ಟು ಚೆಂದದ ತಗ್ಗು ಹಿಂದೆಂದೂ ತೆಗೆದಿರಲಿಲ್ಲ. ಚೆಂದ ಎನ್ನಬೇಕಾದವರು ಅದರೊಳಗೆ ಮಲಗಿದರು.

ಈಗ ಉಸ್ತುವಾರಿ ನನ್ನದು. ಜನ ಮಾತ್ರ ನನ್ನೆದುರೇ 'ಕಾಕಾನ ಅಡವಿ' ಎನ್ನುತ್ತಾರೆ. ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಬೇಸಿಗೆಯಲ್ಲಿ ಬೋಳು ಸಸಿಯ ಮುಂದೆ ಕೂತು ಹೆಬ್ಬೆರಳಿನಿಂದ ಕೆರೆಯುತ್ತೇನೆ. ಹಸಿರು ಕಂಡ ಮೇಲೆ ನನ್ನ ಉಗುರು ನೋಡಿಕೊಳ್ಳುತ್ತೇನೆ. ಇನ್ನೂ ಬೆಳ್ಳಗೇ ಇದೆ.